ಸಾಮ್ರಾಜ್ಞಿಯ ಶುದ್ಧಪ್ರತಿ

ಪುಟ್ಟಿಗೆ ಐವತ್ತೆಂಟು ವರ್ಷ. ಈ ಹೆಸರನ್ನು ಇಟ್ಟವಳು ಅಕ್ಕ. ಇಟ್ಟಾಗ ಅದು ಸರಿಯಾಗಿಯೇ ಇತ್ತು. ಆಮೇಲೆ ಬದಲಾಯಿಸುವುದಕ್ಕೆ ಅಕ್ಕನಿಗೆ ಪುರುಸೊತ್ತಾಗಲಿಲ್ಲ. ಮಂಡಿನೋವು ಬಂತು, ಕನ್ನಡಕದ ನಂಬರು ಎರಡು ಸಲ ಏರಿತು, ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಊರಿನವರ ದೂರುಗಳನ್ನೆಲ್ಲ ಬರೆದುಕೊಂಡು, ಕೊನೆಗೆ ಒಂದು ಗೋಡೆ ಗಡಿಯಾರ ಉಡುಗೊರೆ ಪಡೆದು ನಿವೃತ್ತಿಯೂ ಆಯಿತು. ಆದರೂ ಪುಟ್ಟಿ ಪುಟ್ಟಿಯೇ.

ಈ ಪುಟ್ಟಿ ಅರವತ್ತು ವಾರಗಳಿಂದ ಒಬ್ಬ ಸಾಮ್ರಾಜ್ಞಿಗೆ ಮಣ್ಣು ಮುಕ್ಕಿಸಲು ಹೊಂಚು ಹಾಕುತ್ತಿದ್ದಳು.

ಊರಿನ ವಾರಪತ್ರಿಕೆಯಲ್ಲಿ ಅವಳು ಬರೆಯುತ್ತಿದ್ದ ಧಾರಾವಾಹಿಯ ಹೆಸರು ‘ಪಚ್ಚೆಗಣ್ಣಿನ ಸಾಮ್ರಾಜ್ಞಿ’. ಅದರಲ್ಲಿ ಸಾಧು ಸ್ವಭಾವದ ಒಬ್ಬ ರಾಜಕುಮಾರಿ ಇದ್ದಳು, ನಿಷ್ಠಾವಂತ ಸೇನಾಪತಿ ಇದ್ದ, ಸಾಲದ್ದಕ್ಕೆ ಒಂದು ಸಾಕಿದ ಚಿರತೆಯೂ ಇತ್ತು. ಓದುಗರಿಗೆ ಮಾತ್ರ ಇವರು ಯಾರೂ ಬೇಕಿರಲಿಲ್ಲ, ಸಾಮ್ರಾಜ್ಞಿ ಒಬ್ಬಳು ಸಾಕಿತ್ತು. ಗಂಡನಿಗೆ ವಿಷ ಹಾಕಿದವಳು, ಮೈದುನನನ್ನು ಗಡಿಪಾರು ಮಾಡಿದವಳು, ಮಲಮಗಳನ್ನು ಗೋಪುರದಲ್ಲಿ ಕೂಡಿಹಾಕಿದವಳು. ಇಂಥ ಹೆಂಗಸು ನಿಜವಾಗಿ ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ಜನ ಬೀದಿಯನ್ನೇ ಖಾಲಿ ಮಾಡಿಯಾರು. ಕತೆಯೊಳಗೆ ಬಂದಳೆಂದರೆ ತಲೆಯ ಮೇಲೆ ಕೂರಿಸಿಕೊಂಡು ಮೆರೆಸುತ್ತಾರೆ. ಒಳ್ಳೆಯವರ ಹಣೆಬರಹವೇ ಇಷ್ಟು; ಕತೆಯಲ್ಲೂ ಅವರನ್ನು ಯಾರೂ ಕಾಯುವುದಿಲ್ಲ.

ಅಕ್ಕತಂಗಿಯರ ಮನೆ ಮೊದಲನೇ ಮಹಡಿಯಲ್ಲಿ. ಕೆಳಗೆ ಒಬ್ಬ ಟೈಲರನ ಅಂಗಡಿ. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಕೂರುವ ಈ ಟೈಲರ್ ಧಾರಾವಾಹಿಯ ಮಹಾಭಕ್ತ. ಪುಟ್ಟಿ ಮೆಟ್ಟಿಲಿಳಿದರೆ ಸಾಕು, ಹೊಲಿಗೆ ಯಂತ್ರ ನಿಲ್ಲುತ್ತಿತ್ತು.

“ಚಿಕ್ಕ ಮೇಡಂ, ಆ ರಾಜಕುಮಾರಿ ಬಂದ ತಕ್ಷಣ ನಾನು ಪುಟ ತಿರುಗಿಸಿಬಿಡ್ತೀನಿ. ಅಳ್ತಾಳೆ, ಕ್ಷಮಿಸ್ತಾಳೆ, ಮತ್ತೆ ಅಳ್ತಾಳೆ. ಮಹಾರಾಣೀನ ನೋಡಿ! ಎದುರಿಗೆ ನಿಂತವನಿಗೆ ಏನು ಹೇಳ್ಬೇಕೋ ಅಲ್ಲೇ ಹೇಳಿ ಮುಗಿಸ್ತಾಳೆ. ನಾನೂ ಇದ್ದೀನಿ. ಹೊಟ್ಟೆ ಬೆಳೆಸ್ಕೊಂಡು ಬಂದು ‘ಬಟ್ಟೆ ಬಿಗಿಯಾಗಿ ಹೊಲಿದುಬಿಟ್ಟಿದೀಯ’ ಅನ್ನೋರಿಗೆ ‘ಸರಿ ಸಾರ್, ಬಿಚ್ಚಿ ಹೊಲೀತೀನಿ’ ಅಂತ ಇಷ್ಟು ವರ್ಷದಿಂದ ತಲೆ ಆಡಿಸ್ತಾ ಇದ್ದೀನಿ.”

“ಹಾಗಾದ್ರೆ ಅವಳು ಸೋಲೋದೇ ಬೇಡ್ವಾ?” ಪುಟ್ಟಿ ಸ್ವಲ್ಪ ಖಾರವಾಗಿಯೇ ಕೇಳಿದ್ದಳು.

“ಸೋಲ್ಬೇಕು ಮೇಡಂ, ಖಂಡಿತ ಸೋಲ್ಬೇಕು. ಇಲ್ಲಾಂದ್ರೆ ನಮ್ಮಂಥೋರಿಗೆ ನಿದ್ದೆ ಬರುತ್ತಾ? ಬೀಳ್ಲಿ. ಆದ್ರೆ ಎಡವಿ ಬೀಳೋದು ಬೇಡ. ಅವಳ ಅಂತಸ್ತಿಗೆ ತಕ್ಕ ಹಾಗೆ ಬೀಳ್ಲಿ.”

ಇದೇ ಪುಟ್ಟಿಗೆ ಅರ್ಥವಾಗದ ವಿಷಯ. ಅವಳು ಅರವತ್ತು ವಾರಗಳಿಂದ ಸಾಮ್ರಾಜ್ಞಿಯನ್ನು ಎಡವಿಸುತ್ತಲೇ ಇದ್ದಳು. ವಾರಕ್ಕೊಮ್ಮೆಯಾದರೂ ಬೆವರಿಸಿ, ತೊದಲಿಸಿ, ಸಭೆಯ ಮುಂದೆ ನಗೆಪಾಟಲು ಮಾಡುತ್ತಿದ್ದಳು. ಅಷ್ಟಾದರೂ ಜನ ಅವಳ ಅಂತಸ್ತು, ಅವಳ ಗತ್ತು ಎಂದು ಕೊಂಡಾಡುವುದು ಹೇಗೆ? ಓದುಗರಿಗೆ ಓದಲು ಬರುವುದಿಲ್ಲ ಎಂದು ಪುಟ್ಟಿ ತೀರ್ಮಾನಿಸಿದ್ದಳು.

ಇನ್ನು ಈ ಸಾಮ್ರಾಜ್ಞಿಯ ಮೂಲ ಯಾವುದು ಎಂಬ ಗುಟ್ಟು. ಅದು ಪರಮರಹಸ್ಯ ಎಂದು ಪುಟ್ಟಿ ತಿಳಿದಿದ್ದಳು. ಸಾಮ್ರಾಜ್ಞಿಗೆ ಪಚ್ಚೆ ಕಣ್ಣು, ಮಂಡಿಯವರೆಗಿನ ಕೂದಲು, ಬಗಲಲ್ಲಿ ಚಿರತೆ. ಅಕ್ಕನಿಗೆ ಕಪ್ಪು ಕಣ್ಣು, ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲು, ಚಿರತೆಯಂತೂ ಇಲ್ಲವೇ ಇಲ್ಲ. ಯಾರು ತಾನೇ ಪತ್ತೆ ಹಚ್ಚಿಯಾರು? ಆದರೆ ಸಾಮ್ರಾಜ್ಞಿ ಕೋಪ ಬಂದಾಗ ಎಡಗಡೆಯ ಹುಬ್ಬೊಂದನ್ನೇ ಏರಿಸುತ್ತಿದ್ದಳು, ಬಂದವರ ಕಾಲರ್ ಸರಿಮಾಡಿ ಆಮೇಲೆ ಶಿಕ್ಷೆ ಕೊಡುತ್ತಿದ್ದಳು, ಪ್ರತಿ ಆಜ್ಞೆಯ ಕೊನೆಗೆ “ಅರ್ಥವಾಯಿತೇ?” ಎನ್ನುತ್ತಿದ್ದಳು. ಮೂವತ್ತೈದು ವರ್ಷ ಶಾಲೆಯಲ್ಲಿ ಕೆಲಸ ಮಾಡಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಅಕ್ಕನ ಕೈಕೆಳಗೆ ಊರಿನ ಅರ್ಧ ಜನ ಓದಿದ್ದರು. ಗುಟ್ಟು ಗೊತ್ತಿಲ್ಲದವರು ಯಾರಾದರೂ ಇದ್ದರೆ ಅವರು ಬೇರೆ ಶಾಲೆಗೆ ಹೋದವರು.

ಅಕ್ಕನನ್ನು ಹೀಗೆ ಕಾಗದದ ಮೇಲೆ ಬೀಳಿಸಬೇಕೆಂಬ ಹಟ ಪುಟ್ಟಿಗೆ ಯಾಕೆ ಎಂದರೆ, ಅದಕ್ಕೆ ನಲವತ್ತಾರು ವರ್ಷ ಹಿಂದಕ್ಕೆ ಹೋಗಬೇಕು.

ತಾಯಿ ತೀರಿಕೊಂಡಾಗ ಪುಟ್ಟಿಗೆ ಎಂಟು, ಅಕ್ಕನಿಗೆ ಇಪ್ಪತ್ತು. ಅಕ್ಕನೇ ಅಮ್ಮನಾದಳು, ತಂಗಿಯ ತಲೆ ಬಾಚಿದಳು, ಜ್ವರ ಬಂದರೆ ಎದ್ದು ಕೂತಳು, ಮದುವೆಯ ಮಾತು ಬಂದಾಗಲೆಲ್ಲ “ಇವಳು ಮೊದಲು ದೊಡ್ಡವಳಾಗಲಿ” ಎಂದು ಮುಂದೂಡಿದಳು. ಆಮೇಲೆ ಮಾತೇ ಬರುವುದು ನಿಂತಿತು. ಇದೆಲ್ಲ ಪುಟ್ಟಿಗೆ ಗೊತ್ತು, ಯಾರಾದರೂ ಕೇಳಿದರೆ ಕಣ್ತುಂಬಿ ಹೇಳುತ್ತಾಳೆ ಕೂಡ. ಆದರೆ ಹನ್ನೆರಡನೇ ವಯಸ್ಸಿನಲ್ಲಿ ಅವಳು ಶಾಲೆಯ ವಾರ್ಷಿಕೋತ್ಸವಕ್ಕೆಂದು ಒಂದು ನಾಟಕ ಬರೆದಳು. ನಾಟಕದ ತುಂಬ ಒಬ್ಬ ರಾಣಿ. ಆ ರಾಣಿಯ ಪಾತ್ರ ತನಗೇ ಎಂದು ಕನ್ನಡಿಯ ಮುಂದೆ ತಿಂಗಳುಗಟ್ಟಲೆ ನಡೆದು ನೋಡಿದ್ದಳು. ಆಗಷ್ಟೇ ಅದೇ ಶಾಲೆಗೆ ಟೀಚರಾಗಿ ಸೇರಿದ್ದ ಅಕ್ಕನಿಗೆ ನಾಟಕದ ಉಸ್ತುವಾರಿ ಬಂತು. ಅಕ್ಕ ರಾಣಿಯ ಪಾತ್ರವನ್ನು ಡಾಕ್ಟರ ಮಗಳಿಗೆ ಕೊಟ್ಟಳು. ಪುಟ್ಟಿಗೆ ಕೊಟ್ಟದ್ದು ಅರಮನೆಯ ಬಾಗಿಲಲ್ಲಿ ಈಟಿ ಹಿಡಿದು ನಿಲ್ಲುವ ಕಾವಲುಗಾರನ ಪಾತ್ರ. ಒಂದು ಮಾತೂ ಇಲ್ಲ. ಮೇಲಾಗಿ ಇದ್ದಿಲಲ್ಲಿ ಬರೆದ ಮೀಸೆ.

ಡಾಕ್ಟರ ಮಗಳು ನಾಲ್ಕು ಸಲ ಮಾತು ಮರೆತಳು. ನಾಲ್ಕು ಸಲವೂ ಬಾಗಿಲಲ್ಲಿ ನಿಂತ ಕಾವಲುಗಾರನೇ ಮೀಸೆಯಡಿಯಿಂದ ಪಿಸುಗುಟ್ಟಿ ಹೇಳಿಕೊಟ್ಟ. ಕೊನೆಗೆ ಚಪ್ಪಾಳೆ ಬಿದ್ದದ್ದು ರಾಣಿಗೆ. ಅವತ್ತು ಅಕ್ಕ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಪುಟ್ಟಿಯೂ ಕೇಳಲಿಲ್ಲ. ಊರಿನವರ ದೂರುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡವಳು ತನ್ನ ಒಂದೇ ಒಂದು ದೂರನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಕೂತಳು.

ಧಾರಾವಾಹಿ ತಯಾರಾಗುತ್ತಿದ್ದ ಬಗೆಯೂ ಈ ಇಬ್ಬರಿಗೇ ಮೀಸಲಾದದ್ದು. ಮೂವತ್ತು ವರ್ಷ ದೂರವಾಣಿಯನ್ನು ಭುಜಕ್ಕೆ ಒತ್ತಿಕೊಂಡು ಗಡಿಬಿಡಿಯಲ್ಲಿ ದೂರು ಗೀಚಿ ಗೀಚಿ ಪುಟ್ಟಿಯ ಕೈಬರಹ ಕೆಟ್ಟು ಕೆರ ಹಿಡಿದಿತ್ತು. ಮೊದಲ ಕಂತನ್ನು ನೋಡಿದ ಪತ್ರಿಕೆಯ ಟೈಪಿಸ್ಟ್ ತಲೆನೋವೆಂದು ಎರಡು ದಿನ ರಜೆ ಹಾಕಿದಳು. ಆ ಬರಹವನ್ನು ಓದಬಲ್ಲವಳು ಭೂಮಿಯ ಮೇಲೆ ಒಬ್ಬಳೇ, ಅಕ್ಕ. ಹಾಗಾಗಿ ಪುಟ್ಟಿ ಸೋಮವಾರ, ಮಂಗಳವಾರ ಪೆನ್ಸಿಲಿನಲ್ಲಿ ಗೀಚುವುದು. ಬುಧವಾರ ಅಕ್ಕ ಗೆರೆಹಾಳೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಶುದ್ಧಪ್ರತಿ ತೆಗೆದು, ಲಕೋಟೆಗೆ ಹಾಕಿ, ಅಂಟು ಬಳಿದು ಮುಚ್ಚುವುದು. ಗುರುವಾರ ಬೆಳಿಗ್ಗೆ ಪುಟ್ಟಿ ಅದನ್ನು ಪತ್ರಿಕೆಯ ಆಫೀಸಿಗೆ ಮುಟ್ಟಿಸುವುದು. ಅಚ್ಚಾದ ಮೇಲೆ ಪುಟ್ಟಿ ತನ್ನ ಕತೆಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವಳ ಮೊಟ್ಟಮೊದಲ ಕತೆಯಲ್ಲಿ ಹನ್ನೊಂದು ಅಚ್ಚಿನ ತಪ್ಪು ಕಂಡು ಮೂರು ದಿನ ಊಟ ಬಿಟ್ಟಿದ್ದಳು. ಅಂದಿನಿಂದ ತನ್ನ ಅಚ್ಚನ್ನು ತಾನು ಓದುವುದಿಲ್ಲವೆಂದು ಆಣೆ ಮಾಡಿದ್ದಳು. ಪತ್ರಿಕೆಗಳನ್ನೆಲ್ಲ ಅಕ್ಕನೇ ಓದಿ, ದಿನಾಂಕದ ಪ್ರಕಾರ ಜೋಡಿಸಿ ತನ್ನ ಕಪಾಟಿನಲ್ಲಿ ಇಡುತ್ತಿದ್ದಳು.

ಅರವತ್ತನೇ ಕಂತು ಕೊಟ್ಟ ಗುರುವಾರ ಸಂಪಾದಕರು ಪುಟ್ಟಿಯನ್ನು ಕೂರಿಸಿ ಟೀ ತರಿಸಿದರು. ಅವರು ಟೀ ತರಿಸಿದರೆಂದರೆ ಏನೋ ಕೆಟ್ಟ ಸುದ್ದಿ ಇದೆಯೆಂದೇ ಅರ್ಥ.

“ಮೇಡಂ, ಮುಂದಿನ ತಿಂಗಳಿಂದ ಎಂಟು ಪುಟ ಕಡಿಮೆ ಆಗ್ತಿದೆ. ಮುಂದಿನ ಗುರುವಾರ ಕೊಡೋ ಕಂತಿನಲ್ಲಿ ಮಹಾರಾಣೀನ ಮುಗಿಸಿಬಿಡಿ. ನನಗೂ ಬೇಜಾರೇ. ಆದ್ರೆ ಒಂದು ಮಾತು. ಅವಳ ಪತನ ಇದೆಯಲ್ಲ, ಅದು ಆ ವಿಷದ ಬಟ್ಟಲಿನ ಸೀನಿನ ಮಟ್ಟಕ್ಕೆ ಇರ್ಬೇಕು.”

“ಬಟ್ಟಲಿನ ಸೀನು ಅಷ್ಟು ಚೆನ್ನಾಗಿತ್ತಾ ಸಾರ್?” ಪುಟ್ಟಿ ನಾಚಿಕೊಂಡಳು. ಆ ಸೀನಿನಲ್ಲಿ ಅವಳು ಸಾಮ್ರಾಜ್ಞಿಯನ್ನು ಗಡಗಡ ನಡುಗಿಸಿದ್ದಳು.

“ಚೆನ್ನಾಗಿತ್ತಾ ಅಂತ ಕೇಳ್ತೀರಲ್ಲ! ‘ಇದನ್ನು ಬೆರೆಸಿದವನಿಗೆ ಹೇಳಿ, ಸಕ್ಕರೆ ಕಡಿಮೆಯಾಗಿದೆ’ ಅಂದ್ಳಲ್ಲ! ಇವಾಗ ಟೀ ಬಂದ್ರೆ ಸಾಕು, ನಮ್ಮ ಆಫೀಸಿನಲ್ಲಿ ಎಲ್ರೂ ಅದನ್ನೇ ಹೇಳ್ತಾರೆ.”

“ಯಾರು ಅಂದದ್ದು?”

“ನಿಮ್ಮ ಮಹಾರಾಣಿ ಮೇಡಂ, ಇನ್ಯಾರು?”

ಪುಟ್ಟಿ ಟೀ ಕುಡಿದಳು. ಸಕ್ಕರೆ ಸರಿಯಾಗಿಯೇ ಇತ್ತು. ಅಂಥ ಒಂದು ಸಾಲನ್ನು ಅವಳು ಈ ಜನ್ಮದಲ್ಲಿ ಬರೆದಿರಲಿಲ್ಲ.

ಅಕ್ಕ ಸಂಜೆ ಐದಕ್ಕೆ ವಾಕಿಂಗ್ ಹೊರಟರೆ ಆರಕ್ಕೆ ಸರಿಯಾಗಿ ಬಾಗಿಲು ತಟ್ಟುವವಳು. ಐದಾಗಿ ಒಂದು ನಿಮಿಷಕ್ಕೆ ಪುಟ್ಟಿ ಅಕ್ಕನ ಕಪಾಟು ತೆಗೆದು, ಹದಿನೇಳು ವರ್ಷದ ಆಣೆಯನ್ನು ಗಾಳಿಗೆ ತೂರಿ, ನೆಲದ ಮೇಲೆ ಕೂತು ತನ್ನ ಧಾರಾವಾಹಿಯನ್ನು ಓದತೊಡಗಿದಳು.

ಕತೆ ಅವಳದೇ. ಯಾರು ಎಲ್ಲಿಗೆ ಹೋದರು, ಯಾರು ಸತ್ತರು, ಯಾರು ತಪ್ಪಿಸಿಕೊಂಡರು, ಎಲ್ಲ ಅವಳು ಬರೆದಂತೆಯೇ. ಆದರೆ ಸಾಮ್ರಾಜ್ಞಿ ಬಾಯಿ ತೆರೆದಲ್ಲೆಲ್ಲ ಬೇರೆ ಯಾರೋ ಮಾತಾಡುತ್ತಿದ್ದರು. ಪುಟ್ಟಿ ಅವಳನ್ನು ಅರಮನೆಯ ಮೆಟ್ಟಿಲ ಮೇಲೆ ಜಾರಿಸಿ ಸಾಮಂತರನ್ನು ನಗಿಸಿದ್ದಳು. ಅಚ್ಚಿನಲ್ಲಿ ಸಾಮ್ರಾಜ್ಞಿ ಅದೇ ಮೆಟ್ಟಿಲ ಮೇಲೆ ನಿಂತು, “ಇದು ಸಡಿಲವಾಗಿದೆ. ನಾಳೆಯೊಳಗೆ ಮೆಟ್ಟಿಲು ಸರಿಯಾಗಬೇಕು, ಇಲ್ಲವೇ ಮೇಸ್ತ್ರಿ ಬದಲಾಗಬೇಕು. ಅರ್ಥವಾಯಿತೇ?” ಎಂದು ಇಳಿದುಹೋಗಿದ್ದಳು. ಪುಟ್ಟಿ ಸೇನಾಪತಿಯ ಮುಂದೆ ಅವಳನ್ನು ಗೋಳೋ ಎಂದು ಅಳಿಸಿದ್ದಳು. ಅಚ್ಚಿನಲ್ಲಿ ಸಾಮ್ರಾಜ್ಞಿ ಕನ್ನಡಿಯತ್ತ ತಿರುಗಿ ಓಲೆ ಸರಿಮಾಡಿಕೊಂಡು, “ಸೇನಾಪತಿಗಳೇ, ನಿಮ್ಮ ಗುಂಡಿ ಕಿತ್ತಿದೆ,” ಎಂದಿದ್ದಳು. ಪುಟ್ಟಿಗೆ ಇಷ್ಟವಿಲ್ಲದಿದ್ದರೂ ನಗು ಬಂತು. ನಗು ಬಂದದ್ದಕ್ಕೆ ಕೋಪವೂ ಬಂತು.

ಇನ್ನೊಂದು ಸಂಗತಿ ಅವಳ ಮೈ ಉರಿಸಿತು. ಪ್ರತಿ ಕಂತಿನಲ್ಲೂ, ಬೇಕಿರಲಿ ಬಿಡಲಿ, ಒಂದು ಸಾಲು ತೂರಿಕೊಂಡಿತ್ತು: ‘ಪೂರ್ವದ ಬಾಗಿಲಲ್ಲಿ ಕಾವಲುಗಾರ ಈಟಿ ಹಿಡಿದು ನಿಂತಿದ್ದ.’ ಅವನಿಗೆ ಕೆಲಸವಿಲ್ಲ, ಮಾತಿಲ್ಲ. ಅರವತ್ತು ವಾರ ಸುಮ್ಮನೆ ನಿಂತಿದ್ದ. ಅವನನ್ನು ಪುಟ್ಟಿ ಬರೆದಿರಲೇ ಇಲ್ಲ. ತನ್ನನ್ನು ಕೆಣಕಲೆಂದೇ ಅಕ್ಕ ಹೀಗೆ ಮಾಡಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಹನ್ನೆರಡನೇ ವಯಸ್ಸಿನಲ್ಲಿ ನಿಲ್ಲಿಸಿದ್ದು ಸಾಲದೆ ವಾರವಾರ ಅಚ್ಚುಹಾಕಿಸಿ ನಿಲ್ಲಿಸಿದ್ದಾಳೆ! ಆರಕ್ಕೆ ಬಾಗಿಲು ತಟ್ಟುವ ಶಬ್ದವಾದಾಗ ಪತ್ರಿಕೆಗಳು ಕಪಾಟಿನಲ್ಲಿದ್ದವು, ಪುಟ್ಟಿಯ ಮುಖ ಊದಿತ್ತು.

“ಯಾಕೆ ಹಾಗಿದೀಯ?” ಎಂದಳು ಅಕ್ಕ, ಚಪ್ಪಲಿಯನ್ನು ಗೋಡೆಗೆ ಸಮವಾಗಿ ಬಿಡುತ್ತ.

“ಏನಿಲ್ಲ, ಮಂಡಿನೋವು.”

ಶುಕ್ರವಾರದಿಂದ ಪುಟ್ಟಿ ಬರೆಯಲು ಕೂತಳು. ಈ ಕಂತು ಅಕ್ಕನ ಕೈಗೆ ಹೋಗುವುದಿಲ್ಲ, ನೇರವಾಗಿ ಸಂಪಾದಕರ ಕೈಗೆ! ಆ ಒಂದು ಯೋಚನೆಗೇ ಪೆನ್ಸಿಲು ಓಡಿತು. ಸಾಮ್ರಾಜ್ಞಿಯ ಸೈನ್ಯ ಸೋತಿತು. ಮಂತ್ರಿಗಳು ಕೈಕೊಟ್ಟರು. ಚಿರತೆಯೂ ಪಕ್ಷ ಬದಲಾಯಿಸಿತು. ಜನರೆಲ್ಲ ನೋಡುತ್ತಿರುವಾಗ ಅವಳ ಮಂಡಿಯವರೆಗಿನ ಕೂದಲು ಕತ್ತರಿಸಿದರು. ಸಾಮ್ರಾಜ್ಞಿ ನೆಲಕ್ಕೆ ಬಿದ್ದು, ಹೊರಳಿ, “ಕಾಪಾಡಿ, ಕಾಪಾಡಿ” ಎಂದು ಎಲ್ಲರ ಕಾಲು ಹಿಡಿದಳು, ಅಡುಗೆಯವನ ಕಾಲನ್ನೂ ಬಿಡಲಿಲ್ಲ. ಕೊನೆಗೆ ರಾಜಕುಮಾರಿ ತೀರ್ಪು ಕೊಟ್ಟಳು: ಇವಳು ಇನ್ನು ಮುಂದೆ ಜೀವ ಇರುವವರೆಗೂ ಅರಮನೆಯ ಬಾಗಿಲಲ್ಲಿ ಈಟಿ ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಕೊನೆಯ ಚುಕ್ಕಿಯನ್ನು ಪುಟ್ಟಿ ಎಷ್ಟು ಒತ್ತಿ ಇಟ್ಟಳೆಂದರೆ ಪೆನ್ಸಿಲಿನ ಮೊನೆ ಮುರಿಯಿತು. ಐವತ್ತೆಂಟು ವರ್ಷದಲ್ಲಿ ಅಷ್ಟು ಖುಷಿ ಅವಳಿಗೆ ಸಿಕ್ಕಿದ್ದು ಕಡಿಮೆ.

ಆಮೇಲೆ ಅದನ್ನು ತಾನೇ ದುಂಡಗೆ ನಕಲು ಮಾಡಲು ಕೂತಳು. ಮೊದಲ ಪುಟ ಪರವಾಗಿಲ್ಲ ಎನ್ನುವಂತಿತ್ತು. ಎರಡನೆಯದರಲ್ಲಿ ಕೈ ಹಳೆಯ ಚಾಳಿಗೆ ಬಿತ್ತು. ಬುಧವಾರ ಬೆಳಿಗ್ಗೆ ಅದನ್ನೇ ಹೊತ್ತುಕೊಂಡು ಹೋದಾಗ ಸಂಪಾದಕರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಕೆಳಗು ಮಾಡಿಯೂ ನೋಡಿದರು.

“ಮೇಡಂ, ಇದರಲ್ಲಿ ಚಿರತೆ ಅಡುಗೆಯವನನ್ನ ಮದುವೆ ಆಗುತ್ತಾ?”

“ಇಲ್ಲ ಸಾರ್!”

“ಹಾಗಾದ್ರೆ ದಯವಿಟ್ಟು ನಿಮ್ಮ ಅಕ್ಕನವರ ಕೈಲೇ ಬರೆಸ್ಕೊಂಡು ಬನ್ನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮೇಜಿನ ಮೇಲೆ ಇರ್ಬೇಕು. ಇಲ್ಲಾಂದ್ರೆ ಆ ಜಾಗದಲ್ಲಿ ಅಕ್ವೇರಿಯಂ ಮೀನು ಸಾಕೋದು ಹೇಗೆ ಅನ್ನೋ ಲೇಖನ ಹಾಕ್ತೀನಿ. ಸಿದ್ಧವಾಗಿದೆ.”

ಪುಟ್ಟಿ ಹಿಂದಿರುಗುವ ದಾರಿಯಲ್ಲಿ ತನ್ನ ಪರಿಸ್ಥಿತಿಯನ್ನು ಯೋಚಿಸಿದಳು. ಅರವತ್ತು ವಾರ ಬರೆದ ಕತೆ ಒಂದೋ ಅಂತ್ಯವಿಲ್ಲದೆ ಮೀನುಗಳ ಪಾಲಾಗಬೇಕು, ಇಲ್ಲವೇ ಅಕ್ಕನ ಪತನವನ್ನು ಅಕ್ಕನ ಕೈಯಲ್ಲೇ ಬರೆಸಬೇಕು. ಅಂಗಡಿಯೊಳಗಿಂದ ಟೈಲರ್ ಕೂಗಿದ, “ಚಿಕ್ಕ ಮೇಡಂ, ಬಿದ್ಳಾ?” ಪುಟ್ಟಿ ಮೆಟ್ಟಿಲು ಹತ್ತಿದಳು.

ಮಧ್ಯಾಹ್ನ ಊಟವಾದ ಮೇಲೆ ಅವಳು ಹಾಳೆಗಳನ್ನು ಅಕ್ಕನ ಮೇಜಿನ ಮೇಲೆ ಇಟ್ಟಳು. ತನ್ನ ಊದಿದ ಮುಖವನ್ನು ಅಕ್ಕ ಗಮನಿಸದಿರಲಿ ಎಂದು ಬಯಸಿದಳು. ಅಕ್ಕ ಗಮನಿಸದ ವಸ್ತು ಪ್ರಪಂಚದಲ್ಲಿ ಇರಲಿಲ್ಲ.

“ಒಂದಕ್ಷರ ಬದಲಾಯಿಸ್ದೆ ಬರಿ. ಒಂದೇ ಒಂದು ಅಕ್ಷರ.”

ಅಕ್ಕನ ಎಡಹುಬ್ಬು ಏರಿತು. “ಓದಿದ್ಯಾ?”

“ಎಲ್ಲಾ ಓದಿದೆ. ‘ಸಕ್ಕರೆ ಕಡಿಮೆಯಾಗಿದೆ’ಯಂತೆ! ಯಾರನ್ನ ಕೇಳಿ ಬರೆದೆ?”

“ನಾನು ತಪ್ಪು ತಿದ್ದಿದ್ದೀನಿ ಅಷ್ಟೇ,” ಎಂದಳು ಅಕ್ಕ, ತಪ್ಪೇ ಇಲ್ಲದವಳಂತೆ. “ಇಪ್ಪತ್ತು ವರ್ಷ ರಾಜ್ಯ ಆಳಿದ ಹೆಂಗಸು, ತಾನೇ ನೂರು ಜನಕ್ಕೆ ವಿಷ ಹಾಕಿದವಳು, ಒಂದು ಬಟ್ಟಲು ನೋಡಿ ನಡುಗ್ತಾಳಾ ಪುಟ್ಟೀ? ಅವಳನ್ನ ಕೆಟ್ಟವಳು ಮಾಡು, ನನ್ನ ಅಡ್ಡಿ ಇಲ್ಲ. ದಡ್ಡಿ ಮಾಡ್ಬೇಡ. ದಡ್ಡಿ ಸೋತ್ರೆ ಯಾರಿಗೆ ಏನು ಸಿಗುತ್ತೆ?”

“ಅವಳು ಯಾರು ಅಂತ ನಿಂಗೆ ಗೊತ್ತಾ?”

“ಮೊದಲನೇ ವಾರವೇ ಗೊತ್ತಾಯ್ತು. ಕಾಲರ್ ಸರಿಮಾಡಿದ್ಳಲ್ಲ.”

ಪುಟ್ಟಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಕ್ಕ ಕನ್ನಡಕ ಏರಿಸಿ ಓದತೊಡಗಿದಳು. ಸೈನ್ಯ ಸೋತಾಗ ತಲೆದೂಗಿದಳು. ಚಿರತೆ ಪಕ್ಷ ಬದಲಾಯಿಸಿದಾಗ “ಅದು ಪ್ರಾಣಿ, ಪಾಪ,” ಎಂದಳು. ಅಡುಗೆಯವನ ಕಾಲು ಹಿಡಿದಲ್ಲಿ ಮೂಗು ಮುರಿದಳು. ಕೊನೆಯ ಪುಟಕ್ಕೆ ಬಂದಾಗ ಏರಿದ್ದ ಹುಬ್ಬು ಮೆಲ್ಲಗೆ ಇಳಿಯಿತು. ಅವಳು ಆ ಪುಟವನ್ನು ಎರಡು ಸಲ ಓದಿದಳು.

“ಇದು ಇನ್ನೂ ನೆನಪಿದ್ಯಾ ನಿಂಗೆ?”

“ಎರಡೂವರೆ ಗಂಟೆ ನಿಂತಿದ್ದೆ,” ಎಂದಳು ಪುಟ್ಟಿ. ದನಿ ಹನ್ನೆರಡು ವರ್ಷದವಳದಾಗಿತ್ತು. “ನಾಟಕ ನಂದು, ಅಕ್ಕ. ಒಂದೊಂದು ಮಾತೂ ನಾನು ಬರೆದದ್ದು. ನೀನು ಮೀಸೆ ಬೇರೆ ಬರೆದೆ. ಈಗ ವಾರವಾರ ಅದನ್ನೇ ಅಚ್ಚು ಹಾಕಿಸಿ ಆಡ್ಕೊಂಡು ನಗ್ತಾ ಇದ್ದೀಯ.”

ಇಡೀ ಶಾಲೆಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸುತ್ತಿದ್ದವಳು ಪೆನ್ನಿಗೆ ಶಾಯಿ ತುಂಬಿಸಲು ಎದ್ದುಹೋದಳು. ಆ ದಿನ ಅವಳು ವಾಕಿಂಗ್ ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಇದೇ ಮೊದಲು.

ಗುರುವಾರ ಬೆಳಿಗ್ಗೆ ಏಳೂವರೆಗೆ ಲಕೋಟೆ ಊಟದ ಮೇಜಿನ ಮೇಲಿತ್ತು. ಅಂಟು ಬಳಿದಿರಲಿಲ್ಲ. ಅಕ್ಕ ಕಿಟಕಿಯ ಹತ್ತಿರ ನಿಂತು ಕುಂಡದ ಗಿಡಗಳ ಎಲೆ ಒರೆಸುತ್ತಿದ್ದಳು. ಒರೆಸಿದ ಎಲೆಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಪುಟ್ಟಿ ಹಾಳೆಗಳನ್ನು ಹೊರಗೆ ತೆಗೆದಳು. ಸೈನ್ಯ ಸೋತಿತ್ತು, ಅವಳು ಬರೆದಂತೆಯೇ. ಕೂದಲು ಕತ್ತರಿಸಿದ್ದರು, ಅವಳು ಬರೆದಂತೆಯೇ. ಅಡುಗೆಯವನ ಕಾಲನ್ನೂ ಅಕ್ಕ ಬಿಟ್ಟಿರಲಿಲ್ಲ, ಸಾಮ್ರಾಜ್ಞಿಯ ಕೈಯಲ್ಲಿ ಚಾಚೂ ತಪ್ಪದೆ ಹಿಡಿಸಿದ್ದಳು. ತೀರ್ಪಿನ ಹತ್ತಿರ ಬಂದಾಗ ಮಾತ್ರ ದಾರಿ ಬೇರೆಯಾಗಿತ್ತು.

‘ಸೋತ ಸಾಮ್ರಾಜ್ಞಿ ಪೂರ್ವದ ಬಾಗಿಲಿಗೆ ಬಂದಳು. ಕಾವಲುಗಾರ ಈಟಿ ಹಿಡಿದು ನಿಂತಿದ್ದ. ಇಷ್ಟು ವರ್ಷ ಅವಳು ಅವನ ಮುಂದೆ ದಿನವೂ ಹಾದುಹೋಗಿದ್ದಳು, ಒಂದು ದಿನವೂ ನಿಂತಿರಲಿಲ್ಲ. ನಿಂತರೆ ಮಾತಾಡಬೇಕಾಗುತ್ತದೆಂದು ಹೆದರಿದ್ದಳು. ಇಂದು ನಿಂತಳು.

“ಈ ಕಿರೀಟ ನಿನಗೆ ಸೇರಬೇಕಾಗಿತ್ತು,” ಎಂದಳು. “ಅದು ನನಗೆ ಆ ದಿನವೇ ಗೊತ್ತಿತ್ತು. ನನ್ನವನೆಂದು ಕೊಟ್ಟೆ ಎಂದು ಜನ ಆಡಿಕೊಂಡಾರೆಂದು ಅಂಜಿ ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿದೆ. ಸಿಂಹಾಸನದ ಮೇಲಿದ್ದವರು ಮಾತು ಮರೆತಾಗಲೆಲ್ಲ ನೀನು ಇಲ್ಲಿಂದ ಪಿಸುಗುಟ್ಟಿ ಸಭೆಯನ್ನು ಉಳಿಸಿದೆ. ನನಗೆ ಕೇಳಿಸುತ್ತಿತ್ತು. ನಾಲ್ಕು ಸಲವೂ ಕೇಳಿಸಿತು. ಕೇಳಿಸದವಳಂತೆ ಕೂತೆ. ನಾನು ಮಾಡಿದ ತಪ್ಪುಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೊಂದೇ.”

ಸಾಮ್ರಾಜ್ಞಿ ಕಿರೀಟ ತೆಗೆದು ಅವನ ಮುಂದೆ ಹಿಡಿದಳು. ಅವಳ ತಲೆ ತಾನಾಗಿಯೇ ಬಾಗಿತು. ಕಾವಲುಗಾರ ಹೇಳಿದ:’

ಅಲ್ಲಿಗೆ ಬರಹ ನಿಂತಿತ್ತು. ಕೆಳಗೆ ಕೆಲವು ಗೆರೆಗಳು ಖಾಲಿ. ಅರವತ್ತೊಂದು ವಾರದಲ್ಲಿ ಮೊದಲ ಬಾರಿಗೆ ಕಂತೊಂದು ಸಾಮ್ರಾಜ್ಞಿ ‘ಅರ್ಥವಾಯಿತೇ?’ ಎಂದು ಕೇಳದೆ ಮುಗಿದಿತ್ತು.

ಪುಟ್ಟಿಗೆ ಅಳು ಬಂತು. ಬರಬಾರದೆಂದು ಎಷ್ಟು ತಡೆದರೂ ಬಂತು. ಅರವತ್ತು ವಾರ ಆ ಕಾವಲುಗಾರ ತನ್ನನ್ನು ಅಣಕಿಸಲು ನಿಂತಿದ್ದಾನೆಂದು ಅವಳು ತಿಳಿದಿದ್ದಳು. ಅಕ್ಕ ವಾರವಾರ ಅವನ ಹತ್ತಿರ ಬಂದು, ಏನು ಹೇಳಬೇಕೆಂದು ತಿಳಿಯದೆ ಹಿಂದಿರುಗುತ್ತಿದ್ದಳು, ಅಷ್ಟೇ.

“ಒಂದು ಸಾಲು ಬಿಟ್ಟಿದ್ದೀನಿ,” ಎಂದಳು ಅಕ್ಕ ಗಿಡದ ಕಡೆಗೇ ಮುಖ ಮಾಡಿ. “ಅವನ ಮಾತು ನನಗೆ ಬರೆಯೋಕೆ ಬರೋಲ್ಲ. ಅದು ನಿಂದು. ಬೈಯೋದಾದ್ರೆ ಬೈದುಬಿಡು, ನಾನು ಏನೂ ತಿದ್ದೋಲ್ಲ.”

ಪುಟ್ಟಿ ಮೂಗು ಒರೆಸಿಕೊಂಡು, ಹಳೆಯ ಹಾಳೆಯೊಂದರ ಹಿಂಬದಿ ಎಳೆದುಕೊಂಡು ಕೂತಳು. ನಲವತ್ತಾರು ವರ್ಷ ಹಲ್ಲು ಕಚ್ಚಿ ನಿಂತವನಿಗೆ ಕಡೆಗೂ ಒಂದು ಮಾತು ಸಿಕ್ಕಿತ್ತು. ಹೇಳಬೇಕೆಂದು ಕೂಡಿಟ್ಟದ್ದು ಎಷ್ಟೋ ಇತ್ತು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೂ ಇತ್ತು. ಮೊನೆ ಮುರಿದ ಪೆನ್ಸಿಲನ್ನೇ ಹಿಡಿದು ಕೂತರೆ ಅದರಲ್ಲಿ ಒಂದೂ ಬರಲಿಲ್ಲ. ಗಡಿಯಾರ ಎಂಟು ಹೊಡೆಯಿತು. ಅವಳು ಏನೋ ಗೀಚಿ, ಹಾಳೆಯನ್ನು ಮೇಜಿನ ಮೇಲೆ ಅಕ್ಕನ ಕಡೆಗೆ ತಳ್ಳಿದಳು.

ಅಕ್ಕ ಕೈ ಒರೆಸಿಕೊಂಡು ಬಂದು, ಭೂಮಿಯ ಮೇಲೆ ತಾನೊಬ್ಬಳೇ ಓದಬಲ್ಲ ಆ ಬರಹವನ್ನು ಓದಿದಳು.

‘“ಅದು ಹಾಗಿರಲಿ ಮಹಾರಾಣಿ, ಮೊದಲು ಈ ಈಟಿ ಹಿಡಿದುಕೊಳ್ಳಿ. ಕೈ ಸೋತುಹೋಗಿದೆ.”’

ಅಕ್ಕ ಕಿಟಕಿಯ ಕಡೆಗೆ ತಿರುಗಿದಳು. ಅವಳ ಭುಜ ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಪುಟ್ಟಿಗೆ ಹಿಂದಿನಿಂದ ತಿಳಿಯಲಿಲ್ಲ. ಆಮೇಲೆ ಅಕ್ಕ ಕುರ್ಚಿ ಎಳೆದು ಕೂತು, ಪೆನ್ನು ತೆಗೆದು, ಆ ಸಾಲನ್ನು ಒಂದಕ್ಷರವನ್ನೂ ಬದಲಾಯಿಸದೆ ಶುದ್ಧಪ್ರತಿಗೆ ಇಳಿಸಿದಳು. ಅದರ ಕೆಳಗೆ, ತಂಗಿಯನ್ನು ಒಂದು ಮಾತೂ ಕೇಳದೆ, ತನ್ನದೊಂದು ಸಾಲು ಸೇರಿಸಿದಳು: ‘ಸಾಮ್ರಾಜ್ಞಿ ಈಟಿಯನ್ನು ಹಿಡಿದುಕೊಂಡಳು.’

ಲಕೋಟೆಗೆ ಅಂಟು ಬಳಿದು, ಪುಟ್ಟಿಯ ಕೈಗಿಟ್ಟು, ಅವಳ ಕುರ್ತಾದ ಕಾಲರ್ ಸರಿಮಾಡಿದಳು.

“ಹೊರಡು, ಹೊತ್ತಾಯ್ತು. ಬರ್ತಾ ಒಂದು ಪೆನ್ಸಿಲ್ ತಗೊಂಡು ಬಾ, ಇದರ ಮೊನೆ ಮುರಿದಿದೆ. ಅರ್ಥ ಆಯ್ತಾ?”

“ಆಯ್ತು,” ಎಂದಳು ಪುಟ್ಟಿ.